ಒಂದು ಅಂಗೈ ಜಾಗ

"ಇನ್ನೂ ಚೂರು ಎತ್ತಿ... ಹಾಂ, ಸಾಕು ಸಾಕು. ಈಗ ನಿಲ್ಲಿಸ್ಕೊಳ್ಳಿ. ತಲೆ ಜೋಪಾನ."

ಮೆಟ್ಟಿಲಿನ ತಿರುವಿನಲ್ಲಿ ನಿಂತು ಬಡಗಿ ತಾತ ಹೇಳುತ್ತಿದ್ದರು. ಇಬ್ಬರು ಆಳುಗಳು ಖಾಲಿ ಪೆಟ್ಟಿಗೆಯನ್ನು ಬೀರು ನಿಲ್ಲಿಸಿದ ಹಾಗೆ ನೆಟ್ಟಗೆ ನಿಲ್ಲಿಸಿದರು. ಅದರ ತಲೆಗೂ ಮೇಲಿನ ಮೆಟ್ಟಿಲುಗಳ ಅಡಿಭಾಗಕ್ಕೂ ನಡುವೆ ಎರಡು ಬೆರಳಿನಷ್ಟು ಜಾಗ ಉಳಿಯಿತು. ಪೆಟ್ಟಿಗೆ ನಿಂತ ನಿಲುವಿನಲ್ಲೇ ಬಲಕ್ಕೆ ತಿರುಗಿ, ಉಳಿದ ಮೆಟ್ಟಿಲು ಹತ್ತಿ, ಮೂರನೇ ಮಹಡಿಯ ಬಾಗಿಲಿಗೆ ಬಂತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಟೈಲರಮ್ಮ ಕೇಳಿದಳು, "ಹೋಗುವಾಗ್ಲೂ ಹೀಗೇನಾ?"

ತಾತ ಭುಜಕ್ಕೆ ಅಂಟಿದ ಸುಣ್ಣವನ್ನು ಕೊಡವಿಕೊಂಡರು. "ಖಾಲಿ ಪೆಟ್ಟಿಗೆ ತಾನೆ ಅಮ್ಮ, ನಿಂತರೇನು ಕೂತರೇನು. ಹೋಗೋದನ್ನ ಆಮೇಲೆ ನೋಡೋಣ."

"ಹನ್ನೊಂದಕ್ಕೆ ವ್ಯಾನ್ ಬರುತ್ತೆ."

"ಬರಲಿ. ಅದಕ್ಕೆ ಗಡಿಯಾರ ನೋಡೋಕೆ ಬರುತ್ತೆ, ಮೆಟ್ಟಿಲು ಹತ್ತೋಕೆ ಬರಲ್ಲ."

ತಾತ ಅಂಗಡಿ ಮುಚ್ಚಿ ಆರು ವರ್ಷವಾಗಿತ್ತು. ಟೈಲರಮ್ಮನ ಗಂಡ ಮೇಷ್ಟ್ರು ಹೋದರು ಅಂತ ನಿನ್ನೆ ಮಧ್ಯಾಹ್ನ ಸುದ್ದಿ ಮುಟ್ಟಿದ ಮೇಲೆ, ಯಾರೂ ಹೇಳಿಕಳಿಸದೆ, ಕೊಟ್ಟಿಗೆಯಲ್ಲಿದ್ದ ಹಲಗೆಗಳನ್ನು ಇಳಿಸಿ ತಾವೇ ಕೂತು ಮಾಡಿದ್ದರು. ಹೊಲಿಗೆಯವರು ಬಟ್ಟೆಯ ಒಳಮೈಯನ್ನು ಮೊದಲು ನೋಡುತ್ತಾರೆ. ಟೈಲರಮ್ಮ ಪೆಟ್ಟಿಗೆಯ ಒಳಗೆ ಕೈಯಾಡಿಸಿದಳು. ಯಾರ ಕಣ್ಣಿಗೂ ಬೀಳದ ಆ ಒಳಮೈಯನ್ನೂ ತಾತ ಹೆರೆದು ನುಣುಪು ಮಾಡಿದ್ದರು. ಎಲ್ಲಿಯೂ ಒಂದು ಸಿಬಿರು ಕೈಗೆ ತಾಕಲಿಲ್ಲ.

ಪೆಟ್ಟಿಗೆಯನ್ನು ನಡುಮನೆಯ ಮೇಜಿನ ಮೇಲಿಟ್ಟರು. ಎರಡು ಮೀಟರ್ ಉದ್ದದ, ಕೆಳಗೆ ಎರಡು ಕಡೆಯೂ ಡ್ರಾಯರುಗಳಿದ್ದ, ಬಟ್ಟೆ ಕತ್ತರಿಸುವ ಮೇಜು ಅದು. ಸರಿಯಾಗಿ ನಡುವೆ ಒಂದು ಕುಯ್ದ ಗೆರೆ ಇತ್ತು. ಎರಡು ತುಂಡುಗಳನ್ನು ಕಬ್ಬಿಣದ ಪಟ್ಟಿ, ನಾಲ್ಕು ಬೋಲ್ಟು ಹಾಕಿ ಒಂದು ಮಾಡಿದ್ದರು. ಇಪ್ಪತ್ತೇಳು ವರ್ಷ ಗೆರೆಯ ಆಚೆ ಮೇಷ್ಟ್ರು ಉತ್ತರಪತ್ರಿಕೆ ತಿದ್ದಿದ್ದರು, ಈಚೆ ಇವಳು ಕುಪ್ಪಸ, ಅಂಗಿ, ಶಾಲೆ ಮಕ್ಕಳ ಸಮವಸ್ತ್ರ ಕತ್ತರಿಸಿದ್ದಳು. ಅವರ ಕೆಂಪು ಶಾಯಿ ಇವಳ ಬಿಳಿ ಬಟ್ಟೆಗೆ ತಾಕಿದ್ದು ಎರಡೇ ಎರಡು ಸಲ.

ಮೇಷ್ಟ್ರನ್ನು ಮಂಚದಿಂದ ಎತ್ತಿ ಪೆಟ್ಟಿಗೆಯಲ್ಲಿ ಮಲಗಿಸಿದರು. ಟೈಲರಮ್ಮ ಅವರ ಅಂಗಿಯ ಕಾಲರು ಸರಿಮಾಡಿದಳು. ಹೋದ ವರ್ಷದಲ್ಲಿ ಮೂರು ಸಲ ಅವರನ್ನು ಆಸ್ಪತ್ರೆಗೆಂದು ಇಳಿಸಿದ್ದರು. ಮೂರು ಸಲವೂ ಕುರ್ಚಿಯಲ್ಲಿ ಕೂರಿಸಿ, ಸೊಂಟಕ್ಕೆ ಬೆಲ್ಟು ಬಿಗಿದು. ಮೂರನೇ ಸಲ ವಾಪಸು ಬಂದಾಗ ಅವರು ಹೆಂಡತಿಗೆ ಹೇಳಿದ್ದರು: "ಮುಂದಿನ ಸಲ ಕುರ್ಚಿ ಬೇಡ ಕಣೇ. ಮೂಟೆ ಥರ ಆಗುತ್ತೆ. ಕೊನೇ ಸಲ ಇಳಿಯುವಾಗ ಆರಾಮಾಗಿ ಮಲಗಿಕೊಂಡು ಇಳೀತೀನಿ." ಇವಳು "ಆಯ್ತು" ಅಂದಿದ್ದಳು. ಆ ಹೊತ್ತಿಗೆ ಹೇಳುವ ಮಾತು ಅಂತಲೇ ಹೇಳಿದ್ದಳು. ಆದರೆ ಮಾತು ಮಾತೇ.

*

ಮದುವೆಯಾದ ಹೊಸದರಲ್ಲಿ, ಭಾನುವಾರ ಎಲ್ಲಿಗಾದರೂ ಹೋಗೋಣ ಅಂತ ಇವಳು ಕೇಳಿದರೆ ಮೇಷ್ಟ್ರು ಕರೆದುಕೊಂಡು ಹೋಗಿದ್ದು ಹಳೆಯ ಅಂಚೆ ಕಚೇರಿಗೆ. ಅಂದು ಅದಕ್ಕೆ ರಜೆ. ಕಾವಲುಗಾರನಿಗೆ ಹೇಳಿ ಒಳಗೆ ಹೋಗಿ, ಇವಳ ಕೈಗೆ ಟೇಪಿನ ತುದಿ ಕೊಟ್ಟು, "ಮೊದಲನೇ ಮೆಟ್ಟಿಲಿಗೆ ಹಿಡ್ಕೋ" ಅಂದರು.

"ಇದೇನಾ ತೋರಿಸೋಕೆ ಕರ್ಕೊಂಡು ಬಂದಿದ್ದು?"

"ಇನ್ನೇನು? ನೂರ ಹತ್ತು ವರ್ಷದಿಂದ ಜನ ಹತ್ತಿ ಇಳೀತಿದಾರೆ, ಒಬ್ಬರೂ ಎಡವಿಲ್ಲ. ಯಾಕೆ ಹೇಳು?"

"ನೋಡ್ಕೊಂಡು ನಡೀತಾರೆ."

"ನೋಡದೇನೇ ನಡೀತಾರೆ. ಮೆಟ್ಟಿಲಿನ ಎತ್ತರ ಎರಡು ಪಟ್ಟು, ಅಗಲ ಒಂದು ಪಟ್ಟು ಕೂಡಿಸು. ಮನುಷ್ಯನ ಒಂದು ಹೆಜ್ಜೆ ಬರುತ್ತೆ. ಕಟ್ಟಿದೋನಿಗೆ ಗಣಿತ ಗೊತ್ತಿತ್ತೋ ಇಲ್ಲವೋ, ಹೆಜ್ಜೆ ಗೊತ್ತಿತ್ತು. ನಾನು ಹುಡುಕ್ತಿರೋದು ಅದನ್ನೇ."

ಅವರು ಕಾಲೇಜಿನಲ್ಲಿ ಕಟ್ಟಡ ವಿನ್ಯಾಸ ಕಲಿಯುವವರಿಗೆ ಗಣಿತ ಹೇಳುತ್ತಿದ್ದರು. ಆ ಮಕ್ಕಳಿಗೆ ಗಣಿತ ಬೇಡ, ಗಣಿತದವರಿಗೆ ಕಟ್ಟಡ ಬೇಡ. ನಡುವೆ ಇವರೊಬ್ಬರು, ಕೈಯಲ್ಲಿ ಒಂದು ಟೇಪು. ಬಟ್ಟೆಯ ಟೇಪು ಅದು. ತುದಿಯ ಹಿತ್ತಾಳೆ ಬಳೆ ಎಂದೋ ಕಿತ್ತುಹೋಗಿ, ಮೊದಲ ನಾಲ್ಕು ಬೆರಳು ಎಳೆಎಳೆಯಾಗಿ ಬಿಚ್ಚಿಕೊಂಡಿತ್ತು. ಸೊನ್ನೆಯ ಗೆರೆಯನ್ನು ಕಷ್ಟಪಟ್ಟು ಹುಡುಕಬೇಕು. ಅದಕ್ಕೆ ಇವಳು ಹತ್ತರ ಗೆರೆಯಲ್ಲಿ ಹಿಡಿದು, "ಹತ್ತು!" ಅಂತ ಕೂಗಬೇಕು. ಆ ಕಡೆ ಅವರು ಓದಿದ್ದರಲ್ಲಿ ಹತ್ತು ಕಳೆದು ಬರೆದುಕೊಳ್ಳಬೇಕು.

ಹಾಗೆ ಗ್ರಂಥಾಲಯ, ನ್ಯಾಯಾಲಯ, ಹಳೆಯ ಆಸ್ಪತ್ರೆ, ನೀರಿನ ಗೋಪುರ, ಮುಚ್ಚಿದ ಚಿತ್ರಮಂದಿರ. ಇವಳ ಜೊತೆಯ ಹೆಂಗಸರು ಭಾನುವಾರ ಸಿನಿಮಾಕ್ಕೆ ಹೋದರೆ ಇವಳು ಸಿನಿಮಾ ಮಂದಿರದ ಮೆಟ್ಟಿಲಿಗೆ ಹೋಗುತ್ತಿದ್ದಳು. ಖಾಲಿ ಕಟ್ಟಡಗಳಲ್ಲಿ ಇವಳ "ಹತ್ತು!" ಗೋಡೆಯಿಂದ ಗೋಡೆಗೆ ಬಡಿದು ಮೂರು ಸಲ ಕೇಳುತ್ತಿತ್ತು.

*

ಒಂಬತ್ತೂವರೆಗೆ ಕಾಲೇಜಿನಿಂದ ಮೂವರು ಬಂದರು. ದಪ್ಪ ಕನ್ನಡಕದವರು ಗಣಿತ ವಿಭಾಗದ ಮುಖ್ಯಸ್ಥರು. ಉದ್ದನೆಯ ಅಂಗಿಯವರು ಕಟ್ಟಡ ವಿಭಾಗದವರು. ಇಬ್ಬರೂ ಒಂದೊಂದು ಹಾರ ತಂದಿದ್ದರು. ಮೇಷ್ಟ್ರ ಮುಖ ನೋಡಿ, ಹಾರ ಇಟ್ಟು, ಗೋಡೆಗೊರಗಿ ನಿಂತರು. ಅವರ ಜೊತೆ ಬಂದ ಹೆಂಗಸು ಮೇಷ್ಟ್ರ ಹಳೆಯ ವಿದ್ಯಾರ್ಥಿನಿ. ಈಗ ತಾನೂ ಪಾಠ ಹೇಳುತ್ತಾಳೆ. ಮೇಷ್ಟ್ರು ಜೀವಮಾನದಲ್ಲಿ ಅಳೆದ ಮುನ್ನೂರ ಹನ್ನೆರಡು ಮೆಟ್ಟಿಲುಸಾಲುಗಳನ್ನು ಪುಸ್ತಕ ಮಾಡುವ ಕೆಲಸ ಅವಳು ವಹಿಸಿಕೊಂಡಿದ್ದಳು. ನಾಡಿದ್ದು ಅಚ್ಚಿಗೆ ಹೋಗಬೇಕಿತ್ತು.

"ನಮ್ಮ ವಿಭಾಗದಲ್ಲೇ ಸಂಬಳ, ಆದರೆ ಮನಸ್ಸೆಲ್ಲ ನಿಮ್ಮ ಕಡೆ," ಅಂದರು ಗಣಿತದವರು, ತಗ್ಗಿದ ದನಿಯಲ್ಲಿ.

"ನಮ್ಮ ಕಡೆ ಬಂದಾಗೆಲ್ಲ ನಾವು ಗಣಿತದವರು ಅಂತ ಬಾಗಿಲ ಮೂಲೇಲಿ ಕುರ್ಚಿ ಕೊಡ್ತಿದ್ವಿ."

"ನಾವು ಕೊಟ್ಟಿದ್ದೂ ಮೂಲೆ ಕುರ್ಚೀನೇ."

ಮಕ್ಕಳು ಅವರನ್ನು 'ಮೂಲೆ ಮೇಷ್ಟ್ರು' ಅಂತ ಕರೆಯುತ್ತಿದ್ದುದು ಇಬ್ಬರಿಗೂ ಗೊತ್ತಿತ್ತು. ಮೇಷ್ಟ್ರಿಗೂ ಗೊತ್ತಿತ್ತು.

ಅಷ್ಟರಲ್ಲಿ ಅಡುಗೆಮನೆಯಿಂದ ನಾದಿನಿ ಬಂದಳು. ಮೇಷ್ಟ್ರ ಒಬ್ಬಳೇ ತಂಗಿ. ಕೈ ಧಾರಾಳ, ನಾಲಿಗೆ ಅದಕ್ಕಿಂತ ಧಾರಾಳ. "ಅತ್ತಿಗೆ, ಗಂಟೆ ಹತ್ತಾಯ್ತು. ಕೆಳಗಿನ ತಿರುವೆಲ್ಲ ಅಗಲ, ನಮ್ಮ ಬಾಗಿಲ ಕೆಳಗಿನ ಆ ತಿರುವಿನಲ್ಲಿ ಮಾತ್ರ ಪೆಟ್ಟಿಗೆ ತಿರುಗಲ್ಲ ಅಂತ ಆಳುಗಳು ಗೊಣಗ್ತಿದಾರೆ. ಬೆಡ್‌ಶೀಟಲ್ಲಿ ಇಳಿಸಿ ಕೆಳಗೆ ಪೆಟ್ಟಿಗೆಗೆ ಹಾಕಿದ್ರಾಯ್ತಪ್ಪ. ಇಲ್ಲಾಂದ್ರೆ ಪಟ್ಟಿ ಕಟ್ಟಿ ಪೆಟ್ಟಿಗೇನೇ ನಿಲ್ಲಿಸಿ..."

"ನಿಲ್ಲಿಸೋದು ಬೇಡ. ಬೆಡ್‌ಶೀಟೂ ಬೇಡ," ಅಂದಳು ಟೈಲರಮ್ಮ. "ಮಲಗಿಕೊಂಡೇ ಇಳೀಬೇಕು."

"ಹಟ ಹಿಡಿಯೋ ದಿನಾನಾ ಇದು?"

"ಹಟ ಅಲ್ಲ. ಮಾತು ಕೊಟ್ಟಿದ್ದೀನಿ."

ಬಡಗಿ ತಾತ ಬಾಗಿಲಿಂದ ಹೇಳಿದರು, "ಹೆಗಲ ಮೇಲೆ ಎತ್ತಿ ತಿರುಗಿಸೋಣ ಅಂದ್ರೆ ಮೇಲಿನ ಮೆಟ್ಟಿಲ ಅಡಿ ಬಡಿಯುತ್ತೆ. ಸೊಂಟದ ಮಟ್ಟದಲ್ಲೇ ತಿರುಗಬೇಕು. ತಿರುಗುತ್ತೋ ಇಲ್ವೋ, ನನ್ನ ಕಣ್ಣಿಗೆ ಅನುಮಾನ."

"ಅನುಮಾನ ಯಾಕೆ?" ಅಂದಳು ಶಿಷ್ಯೆ. "ಈ ಮೆಟ್ಟಿಲನ್ನ ಸರ್ ಅಳೆದಿದಾರೆ. ಅವರ ಹೆಸರು ಆಗಿದ್ದೇ ಈ ಮೆಟ್ಟಿಲಿಂದ."

ಅದು ನಿಜ. ಹಳೆಯ ಮೆಟ್ಟಿಲುಗಳ ತಿರುವಿನ ಮೇಲೆ ಮೇಷ್ಟ್ರು ಬರೆದ ಲೇಖನವನ್ನು ಎಲ್ಲೆಲ್ಲಿಯವರೋ ಓದಿ ಕಾಗದ ಬರೆದಿದ್ದರು. ಲೆಕ್ಕಕ್ಕೆ ಎಷ್ಟು ಬೇಕೋ ಅದಕ್ಕಿಂತ ಒಂದು ಅಂಗೈ ಅಗಲ ಹೆಚ್ಚು ಜಾಗವನ್ನು ಹಳೆಯ ಕಟ್ಟಡ ಕಟ್ಟಿದವರು ತಿರುವಿನಲ್ಲಿ ಬಿಡುತ್ತಿದ್ದರು ಅನ್ನುವುದು ಅವರು ಕಂಡುಕೊಂಡ ಸಂಗತಿ. ಆ ಲೇಖನದ ಮೊದಲ ಸಾಲು ಶಿಷ್ಯೆಗೆ ಬಾಯಿಪಾಠ: 'ಒಮ್ಮೆ ನನ್ನ ಮನೆಯ ಮೆಟ್ಟಿಲಿನಲ್ಲಿ ಒಂದು ಮೇಜು ಸಿಕ್ಕಿಕೊಂಡಿತು, ನನ್ನ ಲೆಕ್ಕ ತಪ್ಪಿತ್ತು.' ಪ್ರತಿ ವರ್ಷ ಹೊಸ ತರಗತಿಗೆ ಅವಳು ಆ ಸಾಲನ್ನು ಓದಿ ಹೇಳುತ್ತಿದ್ದಳು, ದೊಡ್ಡವರು ತಪ್ಪನ್ನು ಹೇಗೆ ಒಪ್ಪಿಕೊಳ್ಳುತ್ತಾರೆ ನೋಡಿ ಅಂತ.

ಅವಳು ಕಪಾಟಿನಿಂದ ಆ ವರ್ಷದ ನೋಟ್‌ಬುಕ್ ತೆಗೆದಳು. ಪುಟ ಸಿಕ್ಕಿತು. ತಿರುವಿನ ಎರಡು ಕಡೆಯೂ ಒಂದೇ ಅಗಲ, ನೂರ ಹದಿನೆಂಟು ಸೆಂಟಿಮೀಟರ್. ಕೆಳಗೆ ಮೇಜಿನ ಲೆಕ್ಕ. ಅವಳು ಬೆರಳಿಟ್ಟು ಒಂದೊಂದೇ ಸಾಲು ಓದಿದಳು, ಇನ್ನೊಮ್ಮೆ ಓದಿದಳು, ಹುಬ್ಬು ಗಂಟಿಕ್ಕಿದಳು.

"ಸರ್, ಇದನ್ನ ನೋಡಿ. ಲೆಕ್ಕ ಸರಿಯಾಗೇ ಇದೆಯಲ್ಲ!"

ಗಣಿತದವರು ಕನ್ನಡಕ ಏರಿಸಿಕೊಂಡರು. "ಒಳಮೂಲೆಯಿಂದ ಹೊರಮೂಲೆಗೆ ಓರೆಯಾಗಿ ನೂರ ಅರವತ್ತೇಳು. ಮೇಜು ಅರ್ಧ ತಿರುಗಿದಾಗ ಅದರ ಅರ್ಧ ಉದ್ದ, ಜೊತೆಗೆ ಅಗಲ, ಎರಡೂ ಸೇರಿ ನೂರ ಅರವತ್ತು. ಏಳು ಸೆಂಟಿಮೀಟರ್ ಮಿಗುತ್ತೆ. ಸರಿಯಾಗೇ ಇದೆ. ಮೇಜು ತಿರುಗಬೇಕಿತ್ತು."

"ತಿರುಗಲಿಲ್ಲ," ಅಂದಳು ನಾದಿನಿ. "ನಾನೇ ಕಣ್ಣಾರೆ ಕಂಡಿದ್ದೀನಿ."

ಟೈಲರಮ್ಮ ಹೊದ್ದಿದ್ದ ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು.

*

ಆ ವರ್ಷ ರಸ್ತೆ ಅಗಲ ಮಾಡಲು ಇವಳ ಅಂಗಡಿಯ ಸಾಲನ್ನು ಕೆಡವಿದರು. ಹೊಲಿಗೆಯನ್ನು ಮನೆಗೇ ತರಬೇಕಾಯಿತು. ಯಂತ್ರ ಬಂತು, ಇಸ್ತ್ರಿ ಪೆಟ್ಟಿಗೆ ಬಂತು. ಉಳಿದದ್ದು ಮೇಜು. ಅಪ್ಪ ಮಾಡಿಸಿಕೊಟ್ಟಿದ್ದ ಮೇಜು. ಇವಳ ಮದುವೆಗಿಂತ ಹಳೆಯದು. "ತಿರುಗುತ್ತಾ?" ಅಂತ ಇವಳು ಕೇಳಿದಾಗ ಮೇಷ್ಟ್ರು, "ಅದಕ್ಯಾಕೆ ಊಹೆ? ಅಳೆದೇಬಿಡೋಣ ಬಾ" ಅಂದರು.

ಅವಳು ಆಗ ಯಾರದೋ ಮದುವೆಯ ಬಟ್ಟೆಗೆ ಮಡಿಕೆ ಹಾಕುತ್ತಿದ್ದಳು. ತುಟಿಗಳ ನಡುವೆ ಆರು ಗುಂಡುಪಿನ್ನು. ಹಾಗೇ ಎದ್ದು ಬಂದು, ತಿರುವಿನ ಗೋಡೆಗೆ ಟೇಪು ಹಿಡಿದಳು. ಹದಿಮೂರು ವರ್ಷದ ಅಭ್ಯಾಸ. ಕೈ ತಾನಾಗಿ ಹತ್ತರ ಗೆರೆಗೆ ಹೋಯಿತು. ಕೂಗಬೇಕಾದ ಬಾಯಲ್ಲಿ ಪಿನ್ನು. ಮೇಷ್ಟ್ರು ಆ ಕಡೆಯಿಂದ, "ಕೂಗಲಿಲ್ಲವಲ್ಲ. ಸೊನ್ನೇಲಿ ಹಿಡಿದೆ ತಾನೆ?" ಅಂದರು. ಮದುವೆ ಬಟ್ಟೆಯ ಯೋಚನೆಯಲ್ಲೇ ಇದ್ದ ಇವಳು, "ಹೂಂ" ಅಂದಳು.

ಮಾರನೆಯ ದಿನ ಮೇಜು ತಿರುವಿನಲ್ಲಿ ಸಿಕ್ಕಿಕೊಂಡಿತು. ಹಿಂದೆಯೂ ಹೋಗದು, ಮುಂದೆಯೂ ಬಾರದು. ಮೇಲಿನವರು ಇಳಿಯುವಂತಿಲ್ಲ, ಕೆಳಗಿನವರು ಹತ್ತುವಂತಿಲ್ಲ. ಮಹಡಿಯವರೆಲ್ಲ ಸೇರಿದರು. ಒಳಗೋಡೆಯ ಉದ್ದಕ್ಕೂ ಎರಡು ಸಾಲು ದಪ್ಪ ಮರದ ರೇಲಿಂಗ್ ಇತ್ತು, ಮೇಲಿನದು ದೊಡ್ಡವರಿಗೆ, ಕೆಳಗಿನದು ಮಕ್ಕಳಿಗೆ. ಅದನ್ನಾದರೂ ಬಿಚ್ಚೋಣವೇ ಅಂದರೆ ಕೆಳಮನೆಯ ಓನರ್ ಕಡ್ಡಿ ಮುರಿದ ಹಾಗೆ "ಆಗಲ್ಲ" ಅಂದರು. ಅವರ ಇಬ್ಬರು ಮಕ್ಕಳು ಆಗಷ್ಟೇ ನಡೆಯಲು ಕಲಿತಿದ್ದರು. ನಾದಿನಿ ಕೆಳಗಿನ ಮೆಟ್ಟಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು, "ಊರಿಗೆಲ್ಲ ಲೆಕ್ಕ ಹೇಳೋ ನಮ್ಮಣ್ಣ ಮನೆ ಮೆಟ್ಟಿಲಲ್ಲಿ ಫೇಲು!" ಅಂದಳು. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕು, "ಹೌದು, ಲೆಕ್ಕ ತಪ್ಪಿತು" ಅಂದರು.

ಹತ್ತರ ಗೆರೆ ಇವಳಿಗೆ ಆ ಕ್ಷಣದಲ್ಲೇ ನೆನಪಾಯಿತು. ಹೇಳಲು ಬಾಯಿ ತೆರೆದಳು. ಸುತ್ತ ನಿಂತವರು ನಗುತ್ತಲೇ ಇದ್ದರು. ಸಂಜೆ ಹೇಳಿದರಾಯಿತು ಅಂದುಕೊಂಡಳು. ಸಂಜೆ ಬಡಗಿ ಬಂದು ಅಪ್ಪನ ಮೇಜನ್ನು ಗರಗಸದಲ್ಲಿ ಕುಯ್ಯುವಾಗ ಒಳಗೆ ಕೂತು ಅತ್ತಳು. ನಾಳೆ ಹೇಳಿದರಾಯಿತು. ಒಂದು ವಾರ ಕಳೆಯಿತು. ಎರಡು ವರ್ಷದ ಮೇಲೆ ಲೇಖನ ಅಚ್ಚಾಗಿ ಬಂತು, ಮೊದಲ ಸಾಲಿನಲ್ಲಿಯೇ 'ನನ್ನ ಲೆಕ್ಕ ತಪ್ಪಿತ್ತು' ಅಂತ. ಆಮೇಲೆ ಹೇಳುವುದಾದರೂ ಹೇಗೆ? ಕೆಲವು ಮಾತುಗಳು ಅಂದೇ ಆಡಿದರೆ ಹತ್ತಿಯಷ್ಟು ಹಗುರ, ನೆನೆಯಲು ಬಿಟ್ಟರೆ ಎತ್ತಲಾಗುವುದಿಲ್ಲ.

*

"ಅಳತೆ ಇನ್ನೊಂದು ಸಲ ತೆಗೀರಿ," ಅಂದಳು ಟೈಲರಮ್ಮ.

"ಯಾಕಮ್ಮ? ಇಪ್ಪತ್ತೇಳು ವರ್ಷದಲ್ಲಿ ಗೋಡೆ ನಡೆದಾಡಿರುತ್ತಾ?" ಅಂದರು ಉದ್ದನೆಯ ಅಂಗಿಯವರು.

"ತೆಗೀರಿ."

ಬಡಗಿ ತಾತ ಜೇಬಿನಿಂದ ಉಕ್ಕಿನ ಟೇಪು ತೆಗೆದರು. ಎಲ್ಲರೂ ತಿರುವಿಗೆ ಇಳಿದರು. ಶಿಷ್ಯೆ ಒಂದು ತುದಿ ಹಿಡಿದಳು. ಗೋಡೆಯಿಂದ ರೇಲಿಂಗ್‌ವರೆಗೆ ನೂರ ಎಂಟು. ತಿರುವಿನ ಇನ್ನೊಂದು ಕಡೆ ಅಳೆದರು. ಅಲ್ಲಿಯೂ ನೂರ ಎಂಟು.

"ಹಾಗಾದ್ರೆ ಪೆಟ್ಟಿಗೆ ತಿರುಗಲ್ಲ," ಅಂದರು ಗಣಿತದವರು ಮನಸ್ಸಿನಲ್ಲೇ ಗುಣಿಸಿ. "ಎರಡು ಸೆಂಟಿಮೀಟರ್ ಚಿಲ್ಲರೆ ಕಡಿಮೆ ಬೀಳುತ್ತೆ."

"ಗಣಿತದವರ ಕೈಗೆ ಟೇಪು ಕೊಡಬಾರದು ಅಂತ ನಾವು ಹೇಳೋದು ಇದಕ್ಕೇ," ಅಂದರು ಇನ್ನೊಬ್ಬರು. ತಮಾಷೆಗೆ ಅಂದದ್ದು, ಅಂದ ಮೇಲೆ ಅವರಿಗೇ ಸರಿಬರಲಿಲ್ಲ.

ಶಿಷ್ಯೆ ನೋಟ್‌ಬುಕ್ಕನ್ನು ಎದೆಗೊತ್ತಿಕೊಂಡು ನಿಂತಿದ್ದಳು. "ಲೆಕ್ಕ ತಪ್ಪಿದ್ರೆ ನಾನು ತಿದ್ದಬಹುದಿತ್ತು ಸರ್. ಅಳತೆಯೇ ಹತ್ತು ಸೆಂಟಿಮೀಟರ್ ತಪ್ಪಿದೆ. ಮಿಕ್ಕ ಮುನ್ನೂರ ಹನ್ನೊಂದು ಮೆಟ್ಟಿಲು? ಅದರಲ್ಲಿ ಅರ್ಧ ಕಟ್ಟಡ ಈಗ ಇಲ್ಲವೇ ಇಲ್ಲ."

"ಎಷ್ಟು ತಪ್ಪಿದೆ ಗೊತ್ತಿಲ್ಲದೆ ಅಚ್ಚಿಗೆ ಕೊಡೋದು ಸರಿಯಲ್ಲ," ಅಂದರು ಗಣಿತದವರು ಮೆಲ್ಲಗೆ. "ಒಂದು ಅಂಗೈ ಹೆಚ್ಚು ಬಿಟ್ಟಿದಾರೆ ಅಂತ ಹೇಳ್ತಿರೋದೇ ಅವರು. ಅಂಗೈ ಅಂದ್ರೂ ಅಷ್ಟೇ ಅಲ್ವಾ, ಒಂಬತ್ತು ಹತ್ತು ಸೆಂಟಿಮೀಟರ್. ಅಳತೆಯ ತಪ್ಪನ್ನೇ ಅವರು ಕಂಡಿದ್ರೆ?"

"ನಾನು ಅವತ್ತೇ ಅನ್ನಲಿಲ್ವಾ, ನಮ್ಮಣ್ಣ..." ಎಂದು ನಾದಿನಿ ಶುರುಮಾಡಿದಳು.

"ನೀನು ಸುಮ್ನಿರು," ಅಂದಳು ಟೈಲರಮ್ಮ. ನಲವತ್ತು ವರ್ಷದಲ್ಲಿ ನಾದಿನಿಗೆ ಅವಳು ಹಾಗೆ ಅಂದದ್ದು ಅದೇ ಮೊದಲು. ಆಮೇಲೆ ಶಿಷ್ಯೆಯ ಕಡೆ ತಿರುಗಿದಳು. "ಮಗಳೇ, ಆ ಪುಟದ ಹಿಂದಿನ ಪುಟ ತೆಗಿ. ಅಳತೆ ಹೇಗೆ ಬರೆದಿದಾರೆ ಓದು."

"ಗ್ರಂಥಾಲಯ, ಹಿಂಬದಿ. ನೂರ ಐವತ್ತೆರಡು, ಕಳೆ ಹತ್ತು, ನೂರ ನಲವತ್ತೆರಡು."

"ಅದರ ಹಿಂದಿಂದು?"

"ನೂರ ಮೂವತ್ತಾರು, ಕಳೆ ಹತ್ತು..." ಅವಳು ಪುಟ ಮಗುಚುತ್ತ ಹೋದಳು. "ಎಲ್ಲದರಲ್ಲೂ ಇದೆ."

"ನಮ್ಮ ಮೆಟ್ಟಿಲಿನ ಪುಟದಲ್ಲಿ?"

ಶಿಷ್ಯೆ ನೋಡಿದಳು. "ಇಲ್ಲ. ಬರೀ ನೂರ ಹದಿನೆಂಟು."

"ಆ ಟೇಪಿನ ತುದಿ ಹರಿದಿತ್ತು. ನಾನು ಹತ್ತರಲ್ಲಿ ಹಿಡಿದು ಕೂಗ್ತಿದ್ದೆ, ಅವರು ಕಳೀತಿದ್ರು. ಅವತ್ತು ಹಿಡಿದಿದ್ದು ಹತ್ತರಲ್ಲೇ, ಆದರೆ ಕೂಗಲಿಲ್ಲ. ಬಾಯಲ್ಲಿ ಪಿನ್ನಿತ್ತು. ಸೊನ್ನೆ ತಾನೆ ಅಂದ್ರು, ಹೂಂ ಅಂದೆ." ಅವಳು ಉಸಿರೆಳೆದುಕೊಂಡಳು. "ಮುನ್ನೂರ ಹನ್ನೊಂದು ಸರಿಯಾಗಿವೆ. ಇದೊಂದೇ ತಪ್ಪು. ಅದು ಅವರದಲ್ಲ, ನನ್ನದು. ಮಾರನೇ ದಿನಾನೇ ಗೊತ್ತಾಯ್ತು, ಹೇಳಲಿಲ್ಲ. ಇದೇ ಮೆಟ್ಟಿಲಲ್ಲಿ ಎಲ್ಲರೂ ಅವರನ್ನ ನೋಡಿ ನಗುವಾಗ ನಾನು ಸುಮ್ಮನೆ ನಿಂತಿದ್ದೆ."

ಕೆಳಗೆ ಬೀದಿಯಲ್ಲಿ ವ್ಯಾನು ಬಂದು ನಿಂತ ಸದ್ದಾಯಿತು.

ಬಡಗಿ ತಾತ ಟೇಪನ್ನು ಸುರುಳಿ ಸುತ್ತಿ ಜೇಬಿಗಿಟ್ಟರು. "ಅದು ಮೇಷ್ಟ್ರಿಗೆ ಗೊತ್ತಿತ್ತಲ್ಲಮ್ಮ," ಅಂದರು, ಮಳೆ ಬರಬಹುದು ಅನ್ನುವ ಧಾಟಿಯಲ್ಲಿ.

"ಏನು ಗೊತ್ತಿತ್ತು?"

"ಮೇಜು ಕುಯ್ದ ಸಂಜೆ, ನೀವು ಒಳಗೆ ಅಳ್ತಾ ಕೂತಿದ್ರಿ. ಅವರು ಇಲ್ಲಿಗೆ ಬಂದು, ಗೋಡೆಗೊಂದು ಮೊಳೆ ಹೊಡಿ ಅಂದ್ರು. ಮೊಳೆಗೆ ಟೇಪು ಸಿಕ್ಕಿಸಿ ಒಬ್ಬರೇ ಅಳೆದ್ರು." ತಾತ ಬಗ್ಗಿ ಗೋಡೆಯಲ್ಲಿ ಒಂದು ತೂತನ್ನು ಉಗುರಿನಿಂದ ತೋರಿಸಿದರು. ಸುಣ್ಣದ ಹತ್ತು ಪದರ ಮೆತ್ತಿಕೊಂಡಿದ್ದರೂ ತೂತು ಇನ್ನೂ ಇತ್ತು. "'ಸರಿಯಾಗಿ ಹತ್ತು' ಅಂದ್ರು. 'ಲೆಕ್ಕ ತಪ್ಪಿದ್ರೆ ಹೀಗೆ ಇಡಿಯಾಗಿ ಹತ್ತೇ ತಪ್ಪಲ್ಲ. ಅವಳ ಬಾಯಲ್ಲಿ ಪಿನ್ನಿತ್ತು' ಅಂದ್ರು. ಆಮೇಲೆ, 'ಹೇಳಬೇಡ, ಮೇಜು ಹೋಗಿದ್ದಕ್ಕೇ ಅಳ್ತಿದಾಳೆ' ಅಂದ್ರು."

ಟೈಲರಮ್ಮನಿಗೆ ನೆನಪಾಯಿತು: ಅದಾದ ಮುಂದಿನ ಸೋಮವಾರ ಮೇಷ್ಟ್ರು ಹೊಸ ಟೇಪು ತಂದಿದ್ದರು. ತುದಿಗೆ ಉಕ್ಕಿನ ಕೊಕ್ಕೆ. 'ಹಳೇದು ಸಾಕಾಯ್ತು, ಇನ್ನು ನೀನು ಕೂಗೋದು ಬೇಡ' ಅಂದಿದ್ದರು. ಇವಳು ಅದನ್ನು ಬರೀ ಟೇಪು ಅಂದುಕೊಂಡಿದ್ದಳು.

"ಇಪ್ಪತ್ತೇಳು ವರ್ಷ ನೀವೂ ಬಾಯಿ ಬಿಡಲಿಲ್ಲವಲ್ಲ!"

"ನೀವು ಬಿಟ್ರಾ ಅಮ್ಮ?"

ಅವಳು ಬಗ್ಗಿ ಆ ಮೊಳೆಯ ತೂತಿನ ಮೇಲೆ ಬೆರಳಿಟ್ಟಳು.

"ಅವತ್ತೇ ಇನ್ನೊಂದು ಕೇಳಿದ್ರು," ಅಂತ ತಾತ ಮುಂದುವರಿಸಿದರು. "ಸಾಮಾನು ಹೋಗೋ ದಾರಿ ಬಿಡುವಾಗ ನೀನು ಎಷ್ಟು ಹೆಚ್ಚು ಬಿಡ್ತೀಯ ಅಂತ. ಒಂದು ಅಂಗೈ ಅಂದೆ. ಯಾಕೆ ಅಂದ್ರು. ನಮ್ಮಪ್ಪ ಬಿಡ್ತಿದ್ದ, ನಾನೂ ಬಿಡ್ತೀನಿ, ಯಾರದ್ದಾದ್ರೂ ಕೈ ಎಲ್ಲಾದ್ರೂ ಜಾರೇ ಜಾರುತ್ತಲ್ಲ ಅಂದೆ. ಮೆಟ್ಟಿಲ ಮೇಲೇ ಕೂತು ಬರ್ಕೊಂಡ್ರು."

ಶಿಷ್ಯೆ ತಾತನ ಕೈಯನ್ನೇ ನೋಡುತ್ತಿದ್ದಳು. "ಹಾಗಾದ್ರೆ ಲೇಖನದ ಆ ಅಂಗೈ ನಿಮ್ಮದಾ?"

"ಯಾರದ್ದಾದ್ರೇನು ತಾಯಿ. ಈಗ ಇವರು ಇಳಿಯೋ ದಾರಿ ನೋಡಿ."

ನಾದಿನಿ ಸದ್ದಿಲ್ಲದೆ ಮೇಲೆ ಹೋಗಿದ್ದಳು. ಒಂದು ಲೋಟ ಚಹಾ ಹಿಡಿದು ಇಳಿದು ಬಂದು ಅತ್ತಿಗೆಯ ಕೈಗೆ ಕೊಟ್ಟಳು. "ಬೆಳಗಿಂದ ಬಾಯಿಗೆ ಏನೂ ಹಾಕಿಲ್ಲ ನೀವು. ಕುಡೀರಿ," ಅಂದಳು. ಸ್ವಲ್ಪ ಹೊತ್ತಿನ ಮೇಲೆ, "ನನಗಾದ್ರೂ ಹೇಳಬಹುದಿತ್ತು," ಅಂದಳು. ಇನ್ನೂ ಸ್ವಲ್ಪ ಹೊತ್ತಿನ ಮೇಲೆ ತಾನೇ, "ನನಗೆ ಹೇಗೆ ಹೇಳ್ತೀರಿ, ಬಿಡಿ," ಅಂದಳು.

*

ರೇಲಿಂಗ್ ಬಿಚ್ಚಿದರೆ ಎಂಟು ಸೆಂಟಿಮೀಟರ್ ಸಿಗುತ್ತದೆ ಅಂದರು ತಾತ. ಓನರನ್ನು ಕೇಳಬೇಕಲ್ಲ ಅಂತ ಎಲ್ಲರೂ ಮುಖ ಮುಖ ನೋಡಿಕೊಂಡರು. ಕೇಳುವ ಮೊದಲೇ ಓನರ್ ಕೆಳಗಿಂದ ಹತ್ತಿ ಬರುತ್ತಿದ್ದರು. ಮೊಣಕಾಲು ನೋವಿನ ಮನುಷ್ಯ, ಆರು ಮೆಟ್ಟಿಲಿಗೊಮ್ಮೆ ನಿಂತು ಬಂದರು. ಕೈಯಲ್ಲಿ ಎರಡು ದೊಡ್ಡ ಸ್ಕ್ರೂ ಡ್ರೈವರ್.

"ಒಂದು ನನ್ನದು, ಒಂದು ನನ್ನ ಮಗಂದು," ಅಂದರು. "ಇಬ್ಬರು ಸೇರಿ ಬಿಚ್ಚಿದ್ರೆ ಬೇಗ ಆಗುತ್ತೆ."

"ಆವತ್ತು ಬಿಚ್ಚೋಕೆ ಬಿಡಲಿಲ್ಲ ನೀವು," ಅಂದಳು ನಾದಿನಿ. ಅವಳ ನಾಲಿಗೆ ಮತ್ತೆ ತನ್ನ ಜಾಗಕ್ಕೆ ಬಂದಿತ್ತು.

"ಆವತ್ತು ನನ್ನ ಮಕ್ಕಳು ಇಷ್ಟೆತ್ತರ ಇದ್ದವು," ಅಂತ ಓನರ್ ಕೆಳಗಿನ ರೇಲಿಂಗ್ ಮುಟ್ಟಿ ತೋರಿಸಿದರು. "ಈಗ ಇದನ್ನ ಹಿಡ್ಕೊಳ್ಳೋನು ನಾನೊಬ್ಬನೇ. ಇವತ್ತೊಂದಿನ ಗೋಡೆ ಹಿಡ್ಕೋತೀನಿ."

ಬಡಗಿ ತಾತ ಒಂದು ಸ್ಕ್ರೂ ಡ್ರೈವರ್ ತೆಗೆದುಕೊಂಡರು. ಇನ್ನೊಂದನ್ನು, ಯಾರೂ ಹೇಳದೆ, ಗಣಿತದವರು ತೆಗೆದುಕೊಂಡರು. ತುಕ್ಕು ಹಿಡಿದ ಸ್ಕ್ರೂ ತಿರುಗದೆ ಅವರು ಒದ್ದಾಡುವಾಗ ಉದ್ದನೆಯ ಅಂಗಿಯವರು ತೋಳು ಮಡಿಚಿ, "ಕೊಡಿ ಇಲ್ಲಿ, ಆ ಕಡೆ ಒತ್ತಿ ಹಿಡೀರಿ," ಅಂದರು. ಇಬ್ಬರೂ ಮೂಲೆಯಲ್ಲಿ ಮೊಣಕಾಲೂರಿ ಕೂತು ಕೆಲಸ ಮಾಡಿದರು. ವ್ಯಾನಿನವನು ಎರಡು ಸಲ ಹಾರ್ನ್ ಹೊಡೆದ. ಓನರ್ ಕಿಟಕಿಯಿಂದ ಬಗ್ಗಿ ಅವನಿಗೆ ಏನೋ ಹೇಳಿದರು. ಮೂರನೇ ಸಲ ಹೊಡೆಯಲಿಲ್ಲ.

ಹನ್ನೊಂದೂ ಮುಕ್ಕಾಲಿಗೆ ಎರಡು ರೇಲಿಂಗೂ ಕಳಚಿ ಬಂದವು. ಶಿಷ್ಯೆ ಅಳೆದು, ಮೇಷ್ಟ್ರ ನೋಟ್‌ಬುಕ್ಕಿನ ಅದೇ ಪುಟದ ಕೆಳಗೆ ಪೆನ್ಸಿಲಿನಲ್ಲಿ ಲೆಕ್ಕ ಮಾಡಿದಳು. "ನೂರ ಹದಿನಾರು. ಓರೆಗೆ ನೂರ ಅರವತ್ತನಾಲ್ಕು. ಪೆಟ್ಟಿಗೆಗೆ ಬೇಕಾದ್ದು ನೂರ ಐವತ್ತೈದು." ಅವಳ ಪೆನ್ಸಿಲು ನಿಂತಿತು. "ಒಂಬತ್ತು ಮಿಗುತ್ತೆ."

ಬಡಗಿ ತಾತ ತಮ್ಮ ಅಂಗೈಯನ್ನು ಒಮ್ಮೆ ನೋಡಿಕೊಂಡು, "ಸಾಕು," ಅಂದರು.

ಪೆಟ್ಟಿಗೆಯನ್ನು ಮೇಜಿನಿಂದ ಎತ್ತಿದರು. ಮುಂದೆ ಇಬ್ಬರು ಆಳುಗಳು, ಹಿಂದೆ ಇಬ್ಬರು ಪ್ರೊಫೆಸರುಗಳು, ಸೊಂಟದ ಮಟ್ಟಕ್ಕೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ತಿರುವಿಗೆ ಬಂದಾಗ ತಾತ ಕೂಗಿದರು, "ಒಳಮೂಲೆ ನಮಗೆ ಕಾಣಲ್ಲ. ಯಾರಾದ್ರೂ ಅಲ್ಲಿ ನಿಂತು ಕೈಯಿಟ್ಟು ಹೇಳಿ."

ಟೈಲರಮ್ಮ ಚಹಾದ ಲೋಟವನ್ನು ಮೆಟ್ಟಿಲ ಮೇಲಿಟ್ಟು ಇಳಿದು ಹೋದಳು. ಮೂಲೆಯಿಂದ ಒಂದು ಮೆಟ್ಟಿಲು ಕೆಳಗೆ ಒಳಗೋಡೆಗೆ ಒತ್ತಿ ನಿಂತು, ಮೂಲೆಗೆ ಅಂಗೈಯನ್ನು ಅಡ್ಡಕ್ಕೆ ಹಿಡಿದಳು, ಹಿಂದೆ ಟೇಪು ಹಿಡಿಯುತ್ತಿದ್ದ ಹಾಗೆ. ಪೆಟ್ಟಿಗೆ ಓರೆಯಾಯಿತು. ಹೊರಗಿನ ಎರಡು ತುದಿಗಳೂ ಗೋಡೆಗಳನ್ನು ಮೆಲ್ಲಗೆ ಸವರಿ ನಿಂತವು.

"ಎಷ್ಟಿದೆ ಅಮ್ಮ?"

ಅವಳ ಕಿರುಬೆರಳು ಗೋಡೆಗೆ ತಾಕಿತ್ತು, ಹೆಬ್ಬೆರಳು ಹಲಗೆಗೆ.

"ಇದೆ," ಎಂದು ಅವಳು ಕೂಗಿದಳು. ದನಿ ಮೆಟ್ಟಿಲಿನ ಗೋಡೆಯಿಂದ ಗೋಡೆಗೆ ಬಡಿದು ಕೆಳಗಿನ ಬಾಗಿಲವರೆಗೆ ಹೋಯಿತು. "ಬನ್ನಿ."

ಪೆಟ್ಟಿಗೆ ಮಲಗಿದ ಹಾಗೇ ತಿರುಗಿ, ಕೆಳಗಿನ ಮೆಟ್ಟಿಲಿಗಿಳಿಯಿತು. ಹೆಜ್ಜೆಗಳ ಸದ್ದು ಒಂದೊಂದೇ ಮಹಡಿ ದಾಟಿತು. ಅವಳು ಇನ್ನೂ ಮೂಲೆಯಲ್ಲೇ, ಕೈಯನ್ನು ಹಿಡಿದಲ್ಲೇ ಹಿಡಿದು ನಿಂತಿದ್ದಳು. ಕಿರುಬೆರಳಿಗೆ ಸುಣ್ಣ ಹತ್ತಿತ್ತು, ಹೆಬ್ಬೆರಳಿಗೆ ಹೊಸ ಮರದ ಹುಡಿ.